ನೀಲವ್ವ ಮತ್ತು ಹೊಸ ಜೀನು

ಗಡಿಯ ಕೋಟೆಯೊಂದರ ಲಾಯದಲ್ಲಿ ನೀಲವ್ವ ಎಂಬ ಮುದಿ ಹೇಸರಗತ್ತೆಯಿದ್ದಳು. ಹೊರೆ ಹೊರುವ ವಯಸ್ಸು ಮೀರಿದ್ದರಿಂದ, ಎಳೆಯ ಹೇಸರಗತ್ತೆಗಳಿಗೆ ಬೆಟ್ಟದ ದಾರಿ ಕಲಿಸುವುದು ಅವಳ ಕೆಲಸವಾಗಿತ್ತು. ಒಂದು ಬೆಳಿಗ್ಗೆ ಅಲ್ಲಿಗೆ ಬೆನ್ನಿಗೆ ಬಿಗಿಯುವ ಹೊಸ ಜೀನು ಬಂತು.

"ಮರದ ಕುದುರೆಗೆ ಬಿಗಿದು, ನಾಲ್ಕು ಮಣ ಕಲ್ಲು ಹೇರಿ ನನ್ನನ್ನು ಪರೀಕ್ಷಿಸಿದ್ದಾರೆ. ನಾಳಿದ್ದು ಮೇಲಿನ ಠಾಣೆಯಿಂದ ಗಾಯಾಳು ಸಿಪಾಯಿಗಳನ್ನು ಇಳಿಸಿ ತರುವವನು ನಾನೇ," ಎಂದಿತು ಜೀನು.

"ಮರದ ಕುದುರೆ ಬೆವರುವುದಿಲ್ಲವಲ್ಲ," ಎಂದಳು ನೀಲವ್ವ. ಅವಳಿಗೆ ತನ್ನ ಪ್ರಾಯದ ದಿನಗಳು ನೆನಪಾದವು. ಆಗ ಜೀನಗಾರ ಭೀಮೋಜಿ ಸೂಜಿ ದಾರ ಹಿಡಿದು ಹೇಸರಗತ್ತೆಗಳ ಸಾಲಿನ ಹಿಂದೆಯೇ ಬೆಟ್ಟ ಹತ್ತುತ್ತಿದ್ದ. ಜೀನಿನ ಪಟ್ಟಿ ಹರಿದರೆ ಬಂಡೆಯ ಮೇಲೆ ಕುಳಿತು, ಅವಳೊಡನೆ ಮಾತಾಡುತ್ತಲೇ ಹೊಲಿಯುತ್ತಿದ್ದ. ಪಟ್ಟಿ ಎಲ್ಲಿ ಸವೆಯುತ್ತದೆಂದು ಅವನು ಕಲಿತ. ಹೇಗೆ ಹೆಜ್ಜೆಯಿಟ್ಟರೆ ಉಳಿಯುತ್ತದೆಂದು ಅವಳು ಕಲಿತಳು.

"ಇವತ್ತು ಅಭ್ಯಾಸಕ್ಕೆ ನೀನೂ ಬಾ," ಎಂದಳು.

"ಕಲಿಯುವವರ ನಡುವೆ ನನಗೇನು ಕೆಲಸ?" ಎಂದು ಗೊಣಗುತ್ತಲೇ ಜೀನು ಮರಳಿನ ಮೂಟೆಯೊಡನೆ ಎಳೆಯ ಹೇಸರಗತ್ತೆಯೊಂದರ ಬೆನ್ನೇರಿತು.

ಇಳಿಜಾರಿನಲ್ಲಿ ಬೆವರಿಗೆ ನೆನೆದ ಪಟ್ಟಿ ಸಡಿಲವಾಯಿತು. ಜೀನು ಹೊಟ್ಟೆಯ ಕೆಳಗೆ ಜಾರಿತು, ಮೂಟೆ ಕಣಿವೆಗೆ ಉರುಳಿತು. ಎಳೆಯದು ಗಾಬರಿಯಾಗಿ ಅಂಚಿನತ್ತ ಸರಿಯಿತು. ನೀಲವ್ವ ಹೆಗಲು ಕೊಟ್ಟು, "ನಿಲ್ಲು ಮಗಾ, ಬೆಟ್ಟಕ್ಕೆ ಒರಗು," ಎಂದಳು. ಅದು ಒರಗಿ ನಿಂತಿತು.

ಜೀನು ಕಣಿವೆಯತ್ತ ನೋಡಿತು.

"ಮೂಟೆಯ ಜಾಗದಲ್ಲಿ ಸಿಪಾಯಿ ಇದ್ದಿದ್ದರೆ..." ಎಂದಿತು.

"ಪಟ್ಟಿ ಸರಿಮಾಡಿಸಿಕೊಂಡು ಬರುತ್ತೇನೆ. ನಾಳೆ ಇದೇ ದಾರಿಯಲ್ಲಿ ಮತ್ತೆ ನಡೆಸಿ," ಎಂದಿತು ಜೀನು.

ಭೀಮೋಜಿಯೊಡನೆ ಕಲಿತ ದಿನಗಳು ಕಳೆದು ಎಷ್ಟೋ ವರ್ಷಗಳ ಮೇಲೆ ನೀಲವ್ವನಿಗೆ ನಾಳೆಯ ಬೆಳಗು ಬೇಗ ಬರಲೆನ್ನಿಸಿತು.