ಪಾಲಿಶ್ ಬಳಿದ ಟೈರು

ಆಯುಧಪೂಜೆಯ ದಿನ ಪ್ರಣೀತ ತನ್ನ ಕೆಂಪು ಸ್ಪೋರ್ಟ್ಸ್ ಕಾರನ್ನು ತೊಳೆದ. ಸವೆದು ನುಣ್ಣಗಾಗಿದ್ದ ಹಿಂದಿನ ಟೈರಿಗೂ ಕಪ್ಪು ಪಾಲಿಶ್ ಬಳಿದು, "ಈಗ ಹೊಸದರ ಹಾಗೇ ಕಾಣುತ್ತೆ" ಎಂದ. ಟೈರು ಹೆದರಿ ಆಕ್ಸಿಲರೇಟರ್ ಪೆಡಲಿಗೆ ಹೇಳಿತು: "ಅಣ್ಣಾ, ನನ್ನ ಮೈಮೇಲಿನ ಗೀರುಗಳೆಲ್ಲ ಸವೆದಿವೆ. ನೀರನ್ನು ಆಚೆ ತಳ್ಳಲು ನನ್ನಿಂದಾಗದು. ಒದ್ದೆ ತಿರುವಿನಲ್ಲಿ ದಯವಿಟ್ಟು ಮೆಲ್ಲಗೆ."

"ನಾನು ಕಾಲಿನ ಆಳು. ಅದು ತುಳಿದಷ್ಟು ತಗ್ಗುವೆ, ಬಿಟ್ಟಷ್ಟು ಏಳುವೆ" ಎಂದಿತು ಪೆಡಲು. "ಅಷ್ಟಕ್ಕೂ ನಿನಗೇನಾಗಿದೆ? ಮಿರಮಿರ ಮಿಂಚುತ್ತಿದ್ದೀಯಲ್ಲ!"

ಟೈರಿನ ಕೆಳಗಿಟ್ಟಿದ್ದ ನಿಂಬೆಹಣ್ಣು ಸಮಾಧಾನ ಹೇಳಿತು: "ಹೆದರಬೇಡ. ನಿನಗೆ ಬರುವ ಕೇಡನ್ನೆಲ್ಲ ಹೊರಲೆಂದೇ ನನ್ನನ್ನು ಇಲ್ಲಿಟ್ಟಿದ್ದಾರೆ."

ಕಾರು ಹೊರಟಿತು. ನಿಂಬೆಹಣ್ಣು ಅಪ್ಪಚ್ಚಿಯಾಯಿತು.

ಘಾಟಿಯಲ್ಲಿ ಸೋನೆಮಳೆ ಹಿಡಿದಿತ್ತು. ತಿರುವಿನ ನಡುವೆಯೇ ಪ್ರಣೀತ ಪೆಡಲನ್ನು ಪೂರ್ತಿ ತುಳಿದ. ಟೈರು ರಸ್ತೆಗಾಗಿ ತಡಕಾಡಿತು. ಸಿಕ್ಕಿದ್ದು ಬರೀ ನೀರು. ಕಾರಿನ ಹಿಂಭಾಗ ಜಾರುತ್ತಲೇ ಅವನು ಗಾಬರಿಬಿದ್ದು ಕಾಲನ್ನು ಥಟ್ಟನೆ ಎತ್ತಿಬಿಟ್ಟ. "ಬೇಡ, ಮೆಲ್ಲಗೆ ಬಿಡು!" ಎಂದು ಟೈರು ಕೂಗುವಷ್ಟರಲ್ಲಿ ಕಾರು ಗಿರ್ರನೆ ತಿರುಗಿ, ತಡೆಗೋಡೆ ಮುರಿದು ಕಣಿವೆಗೆ ಉರುಳಿತು.

ಕಾರು ಅಂಗಾತ ಬಿದ್ದಿತ್ತು. ಪ್ರಣೀತನ ಉಸಿರು ನಿಂತಿತ್ತು. ಟೈರು ಮಾತ್ರ ಗಾಳಿಯಲ್ಲಿ ಇನ್ನೂ ತಿರುಗುತ್ತಿತ್ತು.

"ನಾನು ಕಾಲು ಹೇಳಿದಂತೆ ಕೇಳಿದೆ, ಅಷ್ಟೆ" ಎಂದು ಪೆಡಲು ಗೊಣಗಿತು.

ಮೇಲೆ ರಸ್ತೆಯಲ್ಲಿ ಜನ ಸೇರಿದರು. ಒಬ್ಬಾತ ಕೆಳಗೆ ಇಣುಕಿ ಲೊಚಗುಟ್ಟಿದ: "ಟೈರು ನೋಡಿ, ಹೊಚ್ಚಹೊಸದು. ಪೂಜೆನೂ ಆಗಿದೆ. ಪಾಪ, ಯಾರ ಕಣ್ಣು ಬಿತ್ತೋ!"