ಗೆಜ್ಜೆಗಪ್ಪೆ ಇಲ್ಲವೆಂದ ಊರು

ಊಟ ಆಯಿತಾ ಎಲ್ಲರದೂ? ಹಾಗಾದರೆ ಹತ್ತಿರ ಬನ್ನಿ, ಗಲಾಟೆ ಮಾಡದೆ ಕೂತುಕೊಳ್ಳಿ. ಈ ಕಥೆಯಲ್ಲಿ ನಗು ಬರುವ ಜಾಗ ಇದೆ, ಅಲ್ಲಿ ನಗಬಹುದು. ಕೊನೆಗೆ ನಗು ಬರದಿದ್ದರೆ ಅದಕ್ಕೆ ನಾನು ಹೊಣೆಯಲ್ಲ.

ಒಂದು ಸೀಮೆಯಲ್ಲಿ ಒಬ್ಬಳು ರಾಣಿ ಇದ್ದಳು. ಆ ಸೀಮೆಯ ಮೂಲೆಯಲ್ಲಿ ಜೊಂಡನಹಳ್ಳಿ ಅಂತ ಒಂದು ಊರು. ಊರ ಹಿಂದೆ ಒಂದು ತಗ್ಗು. ತಗ್ಗಿನಲ್ಲಿ ವರ್ಷವಿಡೀ ನೀರು ಒಸರುತ್ತಿತ್ತು, ಆಳುದ್ದ ಜೊಂಡು ಬೆಳೆದಿತ್ತು. ಜೊಂಡಿನೊಳಗೆ ಗೆಜ್ಜೆಗಪ್ಪೆಗಳಿದ್ದವು. ಹೆಬ್ಬೆರಳಿನಷ್ಟು ಪುಟ್ಟ ಕಪ್ಪೆ, ಬೆನ್ನ ಮೇಲೆ ಅರಿಶಿನದ ಗೆರೆ. ಕೂಗಿದರೆ ವಟವಟ ಅನ್ನುತ್ತಿರಲಿಲ್ಲ, ಕೂಸಿನ ಕಾಲ್ಗೆಜ್ಜೆಯ ಹಾಗೆ ಝಲ್ ಅನ್ನುತ್ತಿತ್ತು. ಒಂದು ಕಾಲಕ್ಕೆ ಸೀಮೆ ತುಂಬ ಇದ್ದ ಕಪ್ಪೆ ಈಗ ಈ ಊರಲ್ಲಿ ಒಂದಷ್ಟು, ದಿಣ್ಣೆಯಾಚೆಯ ಕಲ್ಲುಮಡು ಅನ್ನುವ ಊರಲ್ಲಿ ಬೆರಳೆಣಿಕೆಯಷ್ಟು, ಅಷ್ಟೇ ಉಳಿದಿತ್ತು.

ಜೊಂಡನಹಳ್ಳಿಯ ಗೌಡ ಜವರೇಗೌಡ. ಕೆಟ್ಟವನೇನಲ್ಲ. ನಾಲ್ಕು ಜನ ಒಂದು ಮಾತು ಹೇಳಿದರೆ ಐದನೆಯವನಾಗಿ ಹೂಂ ಅನ್ನುವ ಮನುಷ್ಯ. ಅವನಿಗೂ ಅವನ ಹೆಂಡತಿ ಸಾಕವ್ವನಿಗೂ ಮಕ್ಕಳಿರಲಿಲ್ಲ. ಆದರೂ ಅವರು ಮಗನ ಮದುವೆ ಮಾಡಿದ್ದರು. ಹೇಗೆ ಅಂತೀರಾ? ಮುಂಗಾರು ತಡವಾದ ವರ್ಷ ಆ ಎರಡು ಊರೂ ಸೇರಿ ಕಪ್ಪೆ ಮದುವೆ ಮಾಡುತ್ತಿದ್ದವು. ಹೆಣ್ಣು ಕಲ್ಲುಮಡುವಿನದು, ಗಂಡು ಜೊಂಡನಹಳ್ಳಿಯದು. ಗಂಡಿನ ಅಪ್ಪ ಅಮ್ಮನಾಗಿ ನಿಲ್ಲುವುದು ಗೌಡನ ಮನೆಯ ಹಕ್ಕು. ಸಾಕವ್ವ ಮದುಮಗನಿಗೆ ನೀರು ಹುಯ್ದು ಅರಿಶಿನ ಹಚ್ಚಿದರೆ, ಗೌಡ ಪೇಟ ಸುತ್ತಿ ಹಿತ್ತಾಳೆ ತಟ್ಟೆಯಲ್ಲಿ ಅವನನ್ನು ಹೊತ್ತು ಊರೆಲ್ಲ ಮೆರೆಸುತ್ತಿದ್ದ. ಹಾಗೆ ಮದುಮಗನಾದ ಒಂದು ಕಪ್ಪೆ ಅಂದಿನಿಂದ ಅವನನ್ನು “ಅಪ್ಪಾ” ಅಂತಲೇ ಕರೆಯುತ್ತಿತ್ತು. ಆ ಕಾಲದಲ್ಲಿ ಕಪ್ಪೆಗಳು ಮಾತಾಡುತ್ತಿದ್ದವು, ನಡುವೆ ಬಾಯಿ ಹಾಕಬೇಡಿ. ಆ ಒಂದು ಮಾತು ಕಿವಿಗೆ ಬಿದ್ದರೆ ಗೌಡನ ಹೊಟ್ಟೆ ತಣ್ಣಗಾಗುತ್ತಿತ್ತು.

ಹೀಗಿರುವಾಗ ಊರ ಪಂಚರಿಗೆ ಸಂತೆಯ ಆಸೆ ಹತ್ತಿತು. ಸಂತೆಗೆ ಬಯಲು ಬೇಕು. ತಗ್ಗಿಗೆ ಮಣ್ಣು ತುಂಬಿದರೆ ಬಯಲು. ಗೌಡನೂ ಹೂಂ ಅಂದ. ಇನ್ನೇನು ಗುದ್ದಲಿ ಎತ್ತಬೇಕು, ಅಷ್ಟರಲ್ಲಿ ಅರಮನೆಯಿಂದ ನಂಜವ್ವ ಬಂದಳು. ನಂಜವ್ವ ಅಂದರೆ ರಾಣಿಯ ನೆಚ್ಚಿನ ಊಳಿಗದವಳು. ಮಾತು ಕಡಿಮೆ, ಕಣ್ಣು ಚುರುಕು.

“ಗೆಜ್ಜೆಗಪ್ಪೆ ಅಳಿದುಹೋಗ್ತಾ ಅದೆ ಅಂತ ರಾಣಿಯವ್ರಿಗೆ ಸಂಕಟ. ಈ ತಗ್ಗಿನ ಸುತ್ತ ಕಲ್ಲು ನೆಡಿಸೋಣ ಅಂತವ್ರೆ. ಕಲ್ಲಿನೊಳಗೆ ಯಾರೂ ಮಣ್ಣು ತುಂಬಂಗಿಲ್ಲ, ಉಳಂಗಿಲ್ಲ. ನಿಮ್ಮೂರಿನವ್ರು ಏನಂತೀರಿ?” ಅಂತ ಕೇಳಿದಳು.

ಪಂಚರು ಗುಸುಗುಸು ಮಾತಾಡಿ ಗೌಡನನ್ನು ಮುಂದೆ ತಳ್ಳಿದರು. ಗೌಡ ಹೇಳಿದ, “ಅಯ್ಯೋ, ಕಪ್ಪೆ ತಾನೇ ನಂಜವ್ವ? ಎಲ್ಲಾ ಕಡೆ ಅವೆ. ನಮ್ಮೂರಿಗೇ ಯಾಕೆ ಕಲ್ಲು?”

ಮನೆಗೆ ಹೋಗುವ ದಾರಿಯಲ್ಲಿ ಜೊಂಡಿನಿಂದ ಕಪ್ಪೆ ಕೇಳಿತು. “ಅಪ್ಪಾ, ನನ್ನ ಬಗ್ಗೆ ಏನಂದೆ?”

“ನೀನು ಎಲ್ಲಾ ಕಡೆ ಇದ್ದೀಯ ಅಂದೆ ಮಗಾ.”

“ಒಳ್ಳೇ ಮಾತಪ್ಪ. ಆದ್ರೆ ನಾನಿರೋದು ಇಲ್ಲೊಂದೇ ಕಡೆ.”

ನಂಜವ್ವ ಎರಡನೇ ಸಲ ಬಂದಳು. “ಎಲ್ಲಾ ಕಡೆ ಹುಡುಕಿಸಿದ್ವಿ, ಗೌಡ್ರೇ. ಕಲ್ಲುಮಡುವಿನಲ್ಲಿ ಬೆರಳೆಣಿಕೆಯಷ್ಟು ಬಿಟ್ರೆ ಇನ್ನೆಲ್ಲೂ ಇಲ್ಲ.”

ಗೌಡ ಪಂಚರ ಮುಖ ನೋಡಿದ. ಅವರು ಕಣ್ಣಲ್ಲೇ ಹೇಳಿಕೊಟ್ಟರು. “ಕಲ್ಲು ನೆಟ್ರೆ ನಮ್ಮ ದನ ಎಲ್ಲಿ ನೀರು ಕುಡೀಬೇಕು? ನಮ್ಮ ಹೆಂಗಸ್ರು ಚಾಪೆ ಹೆಣೆಯಕ್ಕೆ ಎಲ್ಲಿ ಜೊಂಡು ಕುಯ್ಬೇಕು? ಕಪ್ಪೆ ಬದುಕ್ಬೇಕಾ, ನಾವು ಬದುಕ್ಬೇಕಾ?” ಅಂದ ಗೌಡ. ಪಂಚರು ತಲೆಯಾಡಿಸಿ ಭೇಷ್ ಅಂದರು.

ದಾರಿಯಲ್ಲಿ ಕಪ್ಪೆ ಕೇಳಿತು. “ಅಪ್ಪಾ, ಇವತ್ತು ಏನಂದೆ?”

“ನೀನು ಬದುಕಿದ್ರೆ ನಾವು ಬದುಕಕ್ಕೆ ಆಗಲ್ಲ ಅಂದೆ.”

“ಇಷ್ಟು ದಿನ ಇಬ್ರೂ ಬದುಕಿದ್ವಲ್ಲಪ್ಪ,” ಅಂದಿತು ಕಪ್ಪೆ. ಗೌಡ ಬೇಗ ಬೇಗ ಹೆಜ್ಜೆ ಹಾಕಿದ.

ನಂಜವ್ವ ಮೂರನೇ ಸಲ ಬಂದಳು. “ರಾಣಿಯವ್ರು ಒಪ್ಪಿದ್ರು. ದನ ನೀರು ಕುಡೀಲಿ, ಹೆಂಗಸ್ರು ಜೊಂಡು ಕುಯ್ಲಿ. ಮಣ್ಣು ತುಂಬಬ್ಯಾಡಿ, ಅಷ್ಟೇ. ಈಗೇನಂತೀರಿ?”

ಈಗ ಏನನ್ನುವುದು? ಕೇಳಿದ್ದೆಲ್ಲ ಕೊಟ್ಟಾಯಿತು. ಸಂತೆ ಬೇಕು ಅಂತ ಬಾಯಿಬಿಟ್ಟು ಹೇಳಲು ನಾಚಿಕೆ. ಪಂಚರಲ್ಲಿ ಒಬ್ಬ ಗೌಡನ ಕಿವಿಯಲ್ಲಿ ಏನೋ ಊದಿದ. ಗೌಡನ ಮುಖ ಬಾಡಿತು. ಆದರೂ ಹೇಳಿದ.

“ನಮ್ಮೂರಲ್ಲಿ ಆ ಕಪ್ಪೆನೇ ಇಲ್ಲ ಕಣವ್ವ.”

ನಂಜವ್ವ ಅವನನ್ನೇ ನೋಡಿದಳು. “ದೀಪ ಮುಟ್ಟಿ ಹೇಳ್ತೀರಾ?”

ಗೌಡ ಪಂಚರ ಕಡೆ ತಿರುಗಿದ. ಪಂಚರು ಕೆಮ್ಮಿದರು. ದೀಪ ತರಿಸಿದರು. ಗೌಡ ಮುಟ್ಟಿದ.

ಅವತ್ತು ಅವನು ಸುತ್ತು ದಾರಿಯಲ್ಲಿ ಮನೆಗೆ ಹೊರಟ. ಆದರೂ ಕಪ್ಪೆಗೆ ಸಿಕ್ಕಿಬಿದ್ದ. “ಅಪ್ಪಾ, ಏನಂದೆ?”

“ನೀನು ಇಲ್ಲ ಅಂದೆ.”

ಕಪ್ಪೆ ದಾರಿಗೆ ಅಡ್ಡ ಬಂದು ಕೂತಿತು. ಆಮೇಲೆ ಮೆಲ್ಲಗೆ ಕೇಳಿತು. “ಹಂಗಾದ್ರೆ ಈಗ ನಿನ್ನ ಜೊತೆ ಮಾತಾಡ್ತಾ ಇರೋದು ಯಾರಪ್ಪ?”

ಗೌಡ ಕಪ್ಪೆಯನ್ನು ಬಳಸಿಕೊಂಡು ಮನೆಗೆ ಹೋದ. ಆ ರಾತ್ರಿ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಆಗಲೇ ನಂಜವ್ವನ ಬಳಿಗೆ ಹೋಗಿ ಸುಳ್ಳು ಹೇಳಿದೆ ಅಂದಿದ್ದರೆ ಎಲ್ಲ ಅಲ್ಲಿಗೇ ಸರಿಹೋಗುತ್ತಿತ್ತು. ಹೋಗಲಿಲ್ಲ. ಊರಿನವರ ಮುಂದೆ ಮುಖ ಸಣ್ಣದಾಗುತ್ತದಲ್ಲ, ಅದಕ್ಕೆ.

ಬೆಳಿಗ್ಗೆ ನಂಜವ್ವನೇ ಬಂದಳು, ಸಾಲಾಗಿ ಗಾಡಿ ಕಟ್ಟಿಸಿಕೊಂಡು. ಗಾಡಿ ತುಂಬ ಬಾಯಗಲದ ಗುಡಾಣಗಳು.

“ಕಪ್ಪೆ ಇಲ್ಲ ಅಂದ್ರಲ್ಲ, ಸಂತೋಷ. ಕಲ್ಲು ನೆಡೋ ಮಾತು ಬಿಟ್ವಿ. ಹೆಂಗಿದ್ರೂ ಮುಚ್ಚೋ ತಗ್ಗು, ಒಂದಿಷ್ಟು ಜೊಂಡನ್ನ ಬುಡದ ಕೆಸರು ಸಮೇತ ತುಂಬ್ಕೊಂಡು ಹೋಗ್ಲಾ? ಒಳಗೆ ಏನು ಸಿಕ್ರೂ ನೀವು ಕೇಳಂಗಿಲ್ಲ.”

“ಧಾರಾಳವಾಗಿ ತಗೊಂಡೋಗವ್ವ,” ಅಂದರು ಪಂಚರು. ಕೆಸರು ಕೇಳಿಕೊಂಡು ಅರಮನೆಯವರು ಬಂದರಲ್ಲ ಅಂತ ಒಳಗೊಳಗೇ ನಕ್ಕರು.

ನಂಜವ್ವನ ಆಳುಗಳು ತಗ್ಗಿಗಿಳಿದು ಮೆಲ್ಲಮೆಲ್ಲಗೆ ಜೊಂಡು ಕಿತ್ತು ಗುಡಾಣ ತುಂಬಿದರು. ಗಾಡಿಗಳು ಊರೊಳಗೆ ಹಾದುಹೋದವು. ಒಳಗಿಂದ ಝಲ್ ಝಲ್ ಅಂತ ಸದ್ದು ಬಂತು. ಪಂಚರ ನಗು ನಿಂತಿತು.

“ಎತ್ತಿನ ಕೊರಳ ಗೆಜ್ಜೆ ಕಣ್ರಯ್ಯ,” ಅಂದ ಒಬ್ಬ.

ಸಾಕವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಗಂಡನಿಗೆ ಹೇಳಿದಳು, “ಎತ್ತಿನ ಕೊರಳಲ್ಲಿ ಏನೂ ಇಲ್ಲ. ಅವ್ರನ್ನ ನಿಲ್ಲಿಸಿ ಅಂದ್ರೆ.”

ನಿಲ್ಲಿಸುವುದು ಹೇಗೆ? ಅದು ನನ್ನ ಮಗ ಅನ್ನಬೇಕು. ಅಂದರೆ ನಿನ್ನೆ ಮುಟ್ಟಿದ ದೀಪ ಸುಳ್ಳಾಗುತ್ತದೆ. ಗೌಡ ತಲೆ ತಗ್ಗಿಸಿ ಒಳಗೆ ಹೋದ. ಗಾಡಿಗಳು ದಿಣ್ಣೆ ಹತ್ತಿ ಕಲ್ಲುಮಡುವಿನ ಕಡೆ ತಿರುಗಿದವು.

ಕೈಗೆ ಸಿಕ್ಕ ಕಪ್ಪೆಗಳು ಹಾಗೆ ಹೋದವು. ಸಿಗದವು ಉಳಿದವು. ಅವುಗಳ ಮೇಲೆ ಮಣ್ಣು ಬಿತ್ತು.

ಸಂತೆಯೇನೋ ಜೋರಾಗಿಯೇ ನಡೆಯಿತು. ಉಪ್ಪು ಬಂತು, ಬೆಲ್ಲ ಬಂತು, ಬಳೆಗಾರರು ಬಂದರು. ಸಾಕವ್ವ ಮಾತ್ರ ಒಂದು ದಿನವೂ ಆ ಬಯಲಿಗೆ ಕಾಲಿಡಲಿಲ್ಲ.

ಒಂದು ವರ್ಷ ಮುಂಗಾರು ತಡವಾಯಿತು. ಕಪ್ಪೆ ಮದುವೆಯ ದಿನ ಗೊತ್ತಾಯಿತು. ಕಲ್ಲುಮಡುವಿನವರು ಹೆಣ್ಣನ್ನು ಮಡಕೆಯಲ್ಲಿ ಕೂರಿಸಿಕೊಂಡು ಬಂದೇಬಿಟ್ಟರು. ಜೊತೆಗೆ ನಂಜವ್ವನೂ ಇದ್ದಳು. ಗಂಡೆಲ್ಲಿ? ಪಂಚರು ಬಾವಿಯಲ್ಲಿ ಹುಡುಕಿದರು, ಇಲ್ಲ. ಗದ್ದೆಯ ಬದುವಿನಲ್ಲಿ ಹುಡುಕಿದರು, ಇಲ್ಲ. ಬಚ್ಚಲ ಮೋರಿಯಲ್ಲಿ ಹುಡುಕಿದರೆ ಮೈಯೆಲ್ಲ ಗಂಟಿನ ಒಂದು ದಪ್ಪ ಕಪ್ಪೆ ಸಿಕ್ಕಿತು. ಅದರ ಬೆನ್ನ ಮೇಲೆ ಅರಿಶಿನದ ಗೆರೆ ಎಳೆದು ತಟ್ಟೆಯಲ್ಲಿ ಕೂರಿಸಿ ಗೌಡನ ಕೈಗೆ ಕೊಟ್ಟರು. ಗೌಡ ಪೇಟ ಸುತ್ತಿಕೊಂಡು ನಿಂತ. ಸಾಕವ್ವ ಪದ್ಧತಿಯ ಪ್ರಕಾರ ಒಂದು ಚೊಂಬು ನೀರು ಹುಯ್ದಳು. ಅರಿಶಿನ ತೊಳೆದುಹೋಯಿತು.

“ಇರ್ಲಿ, ಮದುಮಗ ಬಾಯಿಬಿಟ್ಟು ಹೆಣ್ಣನ್ನ ಕರೀಲಿ,” ಅಂದರು ಹೆಣ್ಣಿನ ಕಡೆಯವರು. ಅದೂ ಪದ್ಧತಿಯೇ.

ಮೋರಿಯ ಕಪ್ಪೆ ಗೊರ್ರ್ ಅಂತ ಕೂಗಿತು. ಕೂಗಿ ಗೌಡನ ಪೇಟದ ಮೇಲೆ ನೆಗೆಯಿತು. ನಗಬೇಕಾದರೆ ಇಲ್ಲಿ ನಕ್ಕುಬಿಡಿ. ಎರಡೂ ಊರಿನವರು ನಕ್ಕರು.

ನಂಜವ್ವ ನಗಲಿಲ್ಲ. “ಗೌಡ್ರದೇನೂ ತಪ್ಪಿಲ್ಲ ಬಿಡಿ. ಈ ಊರಲ್ಲಿ ಕಪ್ಪೆ ಇಲ್ಲ ಅಂತ ದೀಪ ಮುಟ್ಟಿ ಹೇಳಿದ್ರು. ಗಂಡು ಕಲ್ಲುಮಡುವಿನಲ್ಲೇ ಅವ್ನೆ, ಮದುವೆನೂ ಅಲ್ಲೇ ಆಗ್ಲಿ,” ಅಂದಳು. ಪಂಚರು ನೆಲ ನೋಡಿದರು.

ಮದುವೆ ಆಯಿತು. ಮಳೆಯೂ ಬಂತು. ಎರಡೂ ಊರಿಗೆ ಸಮನಾಗಿಯೇ ಬಂತು. ಆದರೆ ಜೊಂಡನಹಳ್ಳಿಯಲ್ಲಿ ನೀರು ನಿಲ್ಲಲು ತಗ್ಗು ಎಲ್ಲಿದೆ? ಬಂದ ನೀರು ಬಂದ ಹಾಗೇ ಹರಿದುಹೋಯಿತು. ಬೇಸಿಗೆಗೆ ಬಾವಿಗಳು ತಳ ಕಂಡವು. ಎತ್ತುಗಳಿಗೆ ಕುಡಿಯಲು ನೀರಿಲ್ಲ ಅಂತ ಸಂತೆಯವರೂ ಬರುವುದು ಬಿಟ್ಟರು.

ಆಗ ಗೌಡ ಗುದ್ದಲಿ ಹಿಡಿದ. ಸಂತೆಯ ಬಯಲಿನಲ್ಲಿ ತಾನೇ ಅಗೆದ, ಸಾಕವ್ವ ಮಣ್ಣು ಹೊತ್ತಳು. ಒರತೆ ಸಿಗಲಿಲ್ಲ. ಇಬ್ಬರೂ ದೂರದ ಹಳ್ಳದಿಂದ ನೀರು ಹೊತ್ತು ಗುಂಡಿ ತುಂಬಿಸಿದರು. ಆಮೇಲೆ ಹಿತ್ತಾಳೆ ತಟ್ಟೆ ತೊಳೆದುಕೊಂಡು ಕಲ್ಲುಮಡುವಿಗೆ ಹೋದರು.

ಅಲ್ಲಿ ಮಡುವಿನ ತುಂಬ ಝಲ್ ಝಲ್. ಗೌಡ ದಡದಲ್ಲಿ ಮಂಡಿಯೂರಿ ಕರೆದ. “ಮಗಾ.”

ಜೊಂಡಿನಿಂದ ಅದೇ ಕಪ್ಪೆ ಹೊರಗೆ ಬಂತು. ಸಾಕವ್ವನ ಕಣ್ಣು ತುಂಬಿತು.

“ತಪ್ಪಾಯ್ತು ಮಗಾ. ನಾನು ಸುಳ್ಳು ಹೇಳ್ದೆ. ನಿನಗೆ ಅಂತ ನೀರು ತುಂಬಿಸಿದ್ದೀನಿ. ಬಾ, ಮನೆಗೆ ಹೋಗಾನ,” ಅಂದು ಗೌಡ ತಟ್ಟೆ ಚಾಚಿದ.

ಕಪ್ಪೆ ತಟ್ಟೆಯನ್ನು ನೋಡಿತು. ಗೌಡನ ಕೈಯ ಬೊಬ್ಬೆಗಳನ್ನೂ ನೋಡಿತು. ಅದಕ್ಕೆ ಸಿಟ್ಟಿರಲಿಲ್ಲ.

“ಇಲ್ಲದವನು ಹೆಂಗೆ ಬರಲಿ, ಗೌಡ್ರೇ?” ಅಂದಿತು.

ಗೌಡ್ರೇ ಅಂದಿತು ನೋಡಿ. ಅಪ್ಪಾ ಅನ್ನಲಿಲ್ಲ. ಅಷ್ಟು ಹೇಳಿ ನೀರಿಗೆ ಜಾರಿತು.

ಗಂಡ ಹೆಂಡತಿ ಖಾಲಿ ತಟ್ಟೆ ಹಿಡಿದು ದಿಣ್ಣೆ ಇಳಿದು ಬಂದರು. ಗುಂಡಿಯಲ್ಲಿ ಹುಯ್ದಿದ್ದ ನೀರು ಅಷ್ಟರಲ್ಲಿ ಇಂಗಿಹೋಗಿತ್ತು. ಆಮೇಲೆ ಪ್ರತಿ ವರ್ಷ ಮೊದಲ ಮಳೆ ಬಿದ್ದ ಸಂಜೆ ಗೌಡ ದಿಣ್ಣೆಯ ಮೇಲೆ ಹೋಗಿ ಕೂರುತ್ತಿದ್ದ. ಅಲ್ಲಿಗೆ ಗೆಜ್ಜೆಯ ಸದ್ದು ಕೇಳಿಸುತ್ತಿತ್ತು. ಕೆಳಗಿಳಿದು ಆಚೆ ಹೋಗುವ ಧೈರ್ಯ ಮಾತ್ರ ಅವನಿಗೆ ಬರಲಿಲ್ಲ.

ಇದರ ನೀತಿ ಏನು ಅಂತ ಕೇಳುತ್ತೀರಿ, ಹೇಳುತ್ತೇನೆ. ಕಣ್ಣೆದುರು ಇರುವ ಜೀವವನ್ನು ನಮ್ಮ ಅನುಕೂಲಕ್ಕೆ ಇಲ್ಲ ಅನ್ನಬಾರದು. ಹಾಗೆ ಅಂದರೆ ಅದು ನಿಜವಾಗಿಯೂ ಇಲ್ಲವಾಗುತ್ತದೆ, ಆಮೇಲೆ ಎಷ್ಟು ಅತ್ತು ಕರೆದರೂ ಬರುವುದಿಲ್ಲ.

ಸಾಕು, ಏಳಿ ಇನ್ನು. ಹೊರಗೆ ಹನಿ ಬೀಳುತ್ತಿದೆ. ಮೋರಿ ದಾಟುವಾಗ ಕಾಲ ಕೆಳಗೆ ನೋಡಿಕೊಂಡು ಹೋಗಿ.