ಅಡ್ಡ ಬಿದ್ದ ಚೆಂಡು

"ಗುರುಗಳೇ, ದಾರಿಗೆ ಅಡ್ಡ ನಿಂತವರನ್ನು ಏನು ಮಾಡಬೇಕು?" ಎಂದು ಮರುಳಸಿದ್ಧ ಕೇಳಿದ.

ಅಡ್ಡ ನಿಂತವರು ಯಾರೆಂದು ಮಠದ ಅಡುಗೆಯವರಿಗೂ ಗೊತ್ತಿತ್ತು. ಶ್ರಾವಣದ ಪ್ರವಚನ ಪ್ರತಿ ವರ್ಷವೂ ಹಿರಿಯ ಶಿಷ್ಯನ ಪಾಲಾಗುತ್ತಿತ್ತು. ಕಿರಿಯ ಶಿಷ್ಯ ಮರುಳಸಿದ್ಧನಿಗೆ ಹೊಟ್ಟೆ ಉರಿದುಹೋಗಿತ್ತು. ಹಿರಿಯನನ್ನು ಬೇರೆ ಮಠಕ್ಕೆ ಕಳಿಸಬೇಕು, ಇಲ್ಲವೇ ತಾನು ಇಂದೇ ಹೊರಡಬೇಕು ಎಂದು ಗಂಟು ಕಟ್ಟಿಟ್ಟೇ ಬಂದಿದ್ದ.

ಗುರುಗಳು ಪೂರ್ವಾಶ್ರಮದಲ್ಲಿ ಚಿನ್ನದ ಗಣಿಯ ಊರಿನವರು. ಅವರು ಒಂದು ಕತೆ ಹೇಳಿದರು.

ಆ ಊರಿನಲ್ಲಿ ಬಿಳಿಯರ ಕಾಲದ ಗಾಲ್ಫ್ ಮೈದಾನವಿತ್ತು. ಕೋಲಿನಿಂದ ಹೊಡೆದು ಚೆಂಡನ್ನು ಕುಳಿಗೆ ಬೀಳಿಸುವ ಆಟ. ಹುಲ್ಲು ಸರಿಯಾಗಿ ಬೆಳೆಯದ ನೆಲವಾದ್ದರಿಂದ ಕುಳಿಯ ಸುತ್ತ ಎಣ್ಣೆ ಬೆರೆಸಿದ ಮರಳು ಹಾಸಿದ್ದರು. ಅಲ್ಲಿ ಒಬ್ಬ ವಕೀಲನೂ ಒಬ್ಬ ವ್ಯಾಪಾರಿಯೂ ಹಠಕ್ಕೆ ಬಿದ್ದು ಆಡುತ್ತಿದ್ದರು. ಆಗ ಒಂದು ಕಟ್ಟಳೆ ಇತ್ತು. ನಿನ್ನ ಚೆಂಡಿಗೂ ಕುಳಿಗೂ ನಡುವೆ ಎದುರಾಳಿಯ ಚೆಂಡು ನಿಂತರೆ ಅದನ್ನು ತೆಗೆಸುವಂತಿಲ್ಲ. ಅದಕ್ಕೆ ಸ್ಟೈಮಿ ಎನ್ನುತ್ತಿದ್ದರು. ವರ್ಷದ ದೊಡ್ಡ ಪಂದ್ಯದ ಕೊನೆಯ ಕುಳಿಯಲ್ಲಿ ವ್ಯಾಪಾರಿಯ ಚೆಂಡು ಹಾಗೆ ಅಡ್ಡ ನಿಂತಿತು. ವಕೀಲನ ಹೊಡೆತ ಗುರಿ ತಪ್ಪಿತು. ಸೋತ.

ಮರುಳಸಿದ್ಧನಿಗೆ ಆ ವ್ಯಾಪಾರಿಯ ಮೇಲೆ ಸಿಟ್ಟು ಬಂತು.

ವಕೀಲ ಸುಮ್ಮನಿರುವ ಆಸಾಮಿಯಲ್ಲ. ಆ ಕಟ್ಟಳೆಯನ್ನೇ ರದ್ದು ಮಾಡಿಸಬೇಕೆಂದು ಕ್ಲಬ್ಬಿಗೆ ಅರ್ಜಿ ಬರೆಯಲು ಕುಳಿತ. ಅರ್ಜಿಯಲ್ಲಿ ಸ್ಟೈಮಿ ಎಂಬ ಮಾತಿನ ಅರ್ಥ ಹೇಳಬೇಕಲ್ಲ! ಸ್ಕಾಟ್ಲೆಂಡಿನಿಂದ ಬಂದಿದ್ದ ಗಣಿಯ ಮುದಿ ಇಂಜಿನಿಯರನನ್ನು ಹೋಗಿ ಕೇಳಿದ.

"ನಮ್ಮ ಕಡೆ ಹಿಂದೆ ಕಣ್ಣು ಸರಿಯಾಗಿ ಕಾಣದವನನ್ನು ಹಾಗೆ ಕರೆಯುತ್ತಿದ್ದರಂತೆ. ಆಟಕ್ಕೆ ಆ ಮಾತು ಅಲ್ಲಿಂದಲೇ ಬಂತೋ ಏನೋ, ಖಚಿತವಾಗಿ ಬಲ್ಲವರಿಲ್ಲ" ಎಂದು ಮುದುಕ ನಕ್ಕ. "ನಿಮಗಂತೂ ಚೆನ್ನಾಗಿ ಒಪ್ಪುತ್ತದೆ, ವಕೀಲರೇ."

ಮಾತು ಚುಚ್ಚಿತು. ವಕೀಲ ಅರ್ಜಿಯನ್ನು ಹರಿದು ಹಾಕಿದ. ಮುಖ ಮೇಲಕ್ಕೆ ಓರೆಯಾದ ಕಬ್ಬಿಣದ ಕೋಲೊಂದನ್ನು ಕೊಂಡ. ಹಳಬರು ಅದನ್ನು ನಿಬ್ಲಿಕ್ ಎನ್ನುತ್ತಿದ್ದರು. ಮೋಟು ಮೂಗಿನದು ಎಂದು ಅರ್ಥವಂತೆ. ಕೋರ್ಟು ಮುಗಿದ ಮೇಲೆ ತಾನೇ ಒಂದು ಚೆಂಡನ್ನು ಕುಳಿಗೆ ಅಡ್ಡ ಇಟ್ಟು, ಇನ್ನೊಂದನ್ನು ಅದರ ಮೇಲಿಂದ ಹಾರಿಸತೊಡಗಿದ. ನೋಡಿದವರು ತಲೆ ಕೆಟ್ಟಿದೆ ಎಂದರು. ಅನ್ನಲಿ ಎಂದು ಬಿಟ್ಟ.

ಮುಂದಿನ ವರ್ಷವೂ ಅವರಿಬ್ಬರೇ ಕೊನೆಗೆ ಉಳಿದರು. ವ್ಯಾಪಾರಿಯ ಚೆಂಡು ಮತ್ತೆ ಅಡ್ಡ ನಿಂತಿತು. ವ್ಯಾಪಾರಿಗೇ ಪಾಪ ಎನಿಸಿತು.

"ಕಟ್ಟಳೆ ಆಚೆ ಇರಲಿ ಸ್ವಾಮಿ, ತೆಗೆದುಬಿಡಲೇ?" ಎಂದ.

"ಬೇಡ, ಅಲ್ಲೇ ಇರಲಿ" ಎಂದ ವಕೀಲ. ನಿಬ್ಲಿಕ್ ಎತ್ತಿ ಹೊಡೆದ. ಅವನ ಚೆಂಡು ವ್ಯಾಪಾರಿಯ ಚೆಂಡಿನ ಮೇಲಿಂದ ಹಾರಿತು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಮರುಳಸಿದ್ಧನಿಗೆ ತಡೆಯಲಾಗಲಿಲ್ಲ.

"ಕುಳಿಗೆ ಬಿತ್ತೇ ಗುರುಗಳೇ?"

"ಅಂತೂ ಈಗ ಕುಳಿಯನ್ನು ಕೇಳಿದೆ, ಬಂದಾಗಿನಿಂದ ಅಡ್ಡ ಬಿದ್ದ ಚೆಂಡನ್ನೇ ದೂರುತ್ತಿದ್ದೆಯಲ್ಲ ಮಗು" ಎಂದರು ಗುರುಗಳು.